ನಮ್ಮ ಮನೆಯ ಚಹಾ ಕುಡಿಯದವರು

ಅವರು ತೀರಿಕೊಂಡರೆಂಬ ಸುದ್ದಿಯನ್ನು ನಾನು ಮೊದಲು ನಂಬಲಿಲ್ಲ. ಹೇಳಿದವಳು ಸಿಂದಗಿ ಬಸ್ ನಿಲ್ದಾಣದಲ್ಲಿ ಸಿಕ್ಕ ಪರಿಚಯದ ನರ್ಸ್. ಬಾಗೇವಾಡಿ ಕಡೆಯ ಬಸ್ಸಿಗೆ ಕಾಯುತ್ತ ನಿಂತಿದ್ದಳು. "ನಿಮಗ ಗೊತ್ತಾಗಿಲ್ಲೇನ್ರಿ ಅಕ್ಕಾರ? ಮರವಿನ ಮೇಡಮ್ ಹೋಗಿಬಿಟ್ರಲ್ಲ" ಎಂದಳು. ಯಾರು ಹೇಳಿದರು, ಎಲ್ಲಿ, ಏನಾಗಿತ್ತು, ನೀನು ಕಣ್ಣಾರೆ ನೋಡಿದೆಯಾ ಎಂದು ನಾನು ಒಂದರ ಹಿಂದೆ ಒಂದು ಕೇಳುತ್ತ ಹೋದೆ. ಅವಳಿಗೆ ಬೇಸರವಾಯಿತು. "ಸತ್ತ ಸುದ್ದಿಗೆ ಯಾರರ ಸಾಕ್ಷಿ ಕೇಳ್ತಾರೇನ್ರಿ?" ಎಂದು ಬಸ್ಸು ಹತ್ತಿಬಿಟ್ಟಳು. ಮನೆಗೆ ಬಂದು ಬೇರೆ ಕಡೆ ಫೋನ್ ಹಚ್ಚಿ ಖಾತ್ರಿ ಮಾಡಿಕೊಂಡೆ. ಆಮೇಲೆ ಅಡುಗೆ ಮನೆಯಲ್ಲಿ ಕುಳಿತು ಅತ್ತುಬಿಟ್ಟೆ. ಮೊದಲು ವಿಚಾರಣೆ, ಆಮೇಲೆ ಅಳು. ಮೇಡಮ್ ಇದ್ದಿದ್ದರೆ ಈ ಕ್ರಮವನ್ನು ಒಪ್ಪುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಅವರು ಹೊಕ್ಕು ಬಂದ ಮನೆಗಳು ಈ ಸೀಮೆಯಲ್ಲಿ ಊರೂರಿಗೂ ಇವೆ. ಅವರು ನಿಮ್ಮ ಮನೆಗೆ ಬರುತ್ತಿದ್ದರು ಎಂದರೆ, ನಿಮ್ಮಲ್ಲಿ ಒಬ್ಬರಿಗೆ ತಲೆ ಸರಿ ಇರಲಿಲ್ಲ ಎಂದು ಜನ ಅರ್ಥ ಮಾಡಿಕೊಳ್ಳುತ್ತಾರೆ. ಹೆಣ್ಣು ನೋಡಲು ಬರುವವರು ಇಂಥದ್ದನ್ನೇ ಮೊದಲು ವಿಚಾರಿಸುತ್ತಾರೆ. ಎಲ್ಲರೂ ಅವರನ್ನು ಮರವಿನ ಮೇಡಮ್ ಎನ್ನುತ್ತಿದ್ದರು; ನಮ್ಮ ಕಡೆ ಮರವು ಎಂದರೆ ಮರೆವು. ನಾನು ಮೇಡಮ್ ಎಂದಷ್ಟೇ ಬರೆಯುತ್ತೇನೆ.

ಅವರ ಕೆಲಸ ಹೀಗಿತ್ತು. ವಯಸ್ಸಾದವರಿಗೆ ಬರುವ ಮರೆವಿನ ಕಾಯಿಲೆ, ಡಾಕ್ಟರು ಡಿಮೆನ್ಶಿಯಾ ಎನ್ನುತ್ತಾರಲ್ಲ, ಅದು ಇದ್ದವರ ಮನೆಗೆ ಹೋಗುವುದು, ಕಾಯಿಲೆಯವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಕಂಡು ಮಾತಾಡಿಸುವುದು, ಸಲಹೆ ಕೊಡುವುದು. ಯಾವುದೋ ಸಂಸ್ಥೆ ಅವರನ್ನು ನೇಮಿಸಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಷ್ಟೂ ತಾಲೂಕಿಗೆ ಅವರೊಬ್ಬರೇ. ಡಾಕ್ಟರಲ್ಲ, ನರ್ಸೂ ಅಲ್ಲ. ಗುಳಿಗೆ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಫೀಸೂ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಬರುವುದು ಯಾಕೆ? ನಮ್ಮ ಕಡೆ ಸಂಶಯ ಹುಟ್ಟಲು ಇಷ್ಟು ಧಾರಾಳ ಸಾಕು. ಮುದುಕರ ಪಿಂಚಣಿ ನಿಲ್ಲಿಸಲು ಸರಕಾರ ಕಳಿಸಿದೆ ಎಂದರು ಕೆಲವರು. ಹಿರಿಯರಿಗೆ ಹುಚ್ಚು ಎಂದು ಸಾಬೀತು ಮಾಡಿ ಹೊಲ ಬರೆಸಿಕೊಳ್ಳಲು ಯಾರೋ ವಕೀಲ ಬಿಟ್ಟಿದ್ದಾನೆ ಎಂದರು ಇನ್ನು ಕೆಲವರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ರುಜುವಾತು ಇಲ್ಲದ್ದನ್ನು ಒಪ್ಪುವುದಿಲ್ಲ, ಹಾಗಂತ ತಳ್ಳಿಹಾಕುವುದೂ ಇಲ್ಲ. ಎರಡೂ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ನನ್ನ ಅತ್ತೆಯ ತವರು ಹೂವಿನ ಹಿಪ್ಪರಗಿ. ಗಂಡ ತೀರಿದ ಮೇಲೆ ತೊಗರಿ ದಲಾಲಿ ಅಂಗಡಿಯನ್ನು ಮಗ ದೊಡ್ಡವನಾಗುವವರೆಗೆ ತಾವೇ ನಡೆಸಿದವರು. ಅಡತಿ ಬಜಾರಿನ ದಲಾಲಿ ಗಂಡಸರು ಅವರೆದುರು ದನಿ ಏರಿಸುತ್ತಿರಲಿಲ್ಲ. ಅಂಥವರು ನೋಡನೋಡುತ್ತ ನನ್ನನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯತೊಡಗಿದರು. ಮನೆಯೊಳಗೇ ನಿಂತು "ಮನಿಗಿ ಹೋಗೋಣ ನಡಿ" ಎನ್ನತೊಡಗಿದರು. ಸರಕಾರಿ ದವಾಖಾನೆಯ ಡಾಕ್ಟರು ಪರೀಕ್ಷಿಸಿ ಕಾಯಿಲೆಯ ಹೆಸರು ಹೇಳಿದರು, ಒಬ್ಬ ಸಲಹೆಗಾರ್ತಿ ಮನೆಗೇ ಬರುತ್ತಾರೆ ಎಂದೂ ಹೇಳಿದರು.

ಬಂದವರು ಎತ್ತರದ, ಒಣಗಿದ ಮೈಯ ಹೆಂಗಸು. ಬಸ್ಸು ಹತ್ತಿ ಇಳಿಯಲು ಅನುಕೂಲವಾಗುವಂತೆ ಪಾದದ ಗಂಟಿನ ಮೇಲೇ ನಿಲ್ಲುವ ನೂಲಿನ ಸೀರೆ, ಕೈಗೆ ಗಂಡಸರ ಗಡಿಯಾರ, ಹೆಗಲಿಗೆ ಬಟ್ಟೆಯ ಚೀಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಅವನ್ನು ರಸ್ತೆಯ ಕಡೆ ಮುಖ ಮಾಡಿ ಇಟ್ಟರು, ಯಾವ ಹೊತ್ತಿನಲ್ಲಾದರೂ ಎದ್ದು ಹೋಗುವವರ ಹಾಗೆ. ನನಗೆ ಅದೇ ಮೊದಲು ಹಿಡಿಸಲಿಲ್ಲ.

"ಬರ್ರಿ ಮೇಡಮ್, ಕುಂದರ್ರಿ. ಚಾ ಮಾಡ್ತೇನಿ" ಎಂದೆ.

"ಬ್ಯಾಡ್ರಿ."

"ಹಂಗ್ಯಾಕ? ಬಿಸಲಾಗ ಬಂದೀರಿ. ನೀರರ ಕುಡೀರಿ."

"ನೀರ ನನ್ನ ಚೀಲದಾಗ ಐತ್ರಿ."

ಮನೆಗೆ ಬಂದವರು ಚಹಾ ಬೇಡ ಎಂದರೆ ನಮ್ಮಲ್ಲಿ ಕೆನ್ನೆಗೆ ಹೊಡೆದಂತೆ. ಇವರು ಯಾವ ಮಂದಿ, ನಮ್ಮ ಮನೆಯ ನೀರು ಇವರಿಗೆ ಆಗುವುದಿಲ್ಲವೋ, ಅಥವಾ ನಾವು ಅದರಲ್ಲಿ ಏನಾದರೂ ಬೆರೆಸುತ್ತೇವೆ ಎಂದುಕೊಂಡಿದ್ದಾರೋ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಅತ್ತೆಯ ಕೋಣೆಗೆ ಹೋಗಿಯಾಗಿತ್ತು. ಮಾತಾಡಿಸುವ ನೆಪದಲ್ಲಿ ಅತ್ತೆಯ ಕುಪ್ಪಸದ ತೋಳು ಸರಿಸಿ ರಟ್ಟೆ ನೋಡಿದರು. ಬಾಗಿಲಿನ ಹೊರಗಡೆ ಚಿಲಕ ಇದೆಯೇ ಎಂದು ಕೈಯಾಡಿಸಿ ನೋಡಿದರು. ಕಿಟಕಿಯಲ್ಲಿದ್ದ ಹಾಲಿನ ಬಟ್ಟಲನ್ನು ಎತ್ತಿ ಮೂಸಿದರು. ನನಗೆ ಮೈ ಉರಿದುಹೋಯಿತು. ಪೊಲೀಸರು ಬಂದರೂ ಇಷ್ಟು ನೋಡುವುದಿಲ್ಲ.

"ಮೇಡಮ್, ನಾವು ಅತ್ತೀನ ಭಾಳ ಪ್ರೀತಿಲೆ ನೋಡಕೋತೇವಿ" ಎಂದೆ.

"ಪ್ರೀತಿ ಭಾಳ ಅಂತ ಹೇಳೋ ಮನಿ ಕಂಡ್ರ ನನಗ ಅಂಜಿಕಿ ಬರ್ತೈತ್ರಿ" ಎಂದರು. ನಗಲಿಲ್ಲ.

ಆದರೆ ಅತ್ತೆಯ ಜೊತೆ ಅವರು ಬೇರೆಯೇ ಆಗಿದ್ದರು. ಆ ಕೋಣೆಯ ಕಪಾಟಿಗೆ ಕನ್ನಡಿ ಇತ್ತು. ಅದರಲ್ಲಿ ದಿನಾ ಒಬ್ಬ ಮುದುಕಿ ಬಂದು ತಮ್ಮನ್ನು ದುರುಗುಟ್ಟಿ ನೋಡುತ್ತಾಳೆ ಎಂದು ಅತ್ತೆ ರಂಪ ಮಾಡುತ್ತಿದ್ದರು. ಅದು ನೀವೇ ಎಂದು ನಾನು ತಿಳಿಸಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೆ. ಮೇಡಮ್ ತಿಳಿಸಿ ಹೇಳಲಿಲ್ಲ. "ಆಕಿ ಏನರ ತಗೊಂಡ್ಲೇನು ನಿಮ್ದು?" ಎಂದು ಗಂಭೀರವಾಗಿ ವಿಚಾರಿಸಿದರು. ಇನ್ನೂ ಇಲ್ಲ, ಆದರೆ ತೆಗೆದುಕೊಳ್ಳುವವಳೇ ಎಂದರು ಅತ್ತೆ. "ಹಂಗಾರ ಬಾಗಿಲಾ ಹಾಕೋಣ" ಎಂದು ಮೇಡಮ್ ದೊಡ್ಡದೊಂದು ಟವೆಲ್ ತೆಗೆದು ಕನ್ನಡಿಗೆ ಹೊದಿಸಿದರು. ಆ ಮುದುಕಿ ಮತ್ತೆ ಬರಲಿಲ್ಲ. ನನಗೆ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಅವರ ಬಗ್ಗೆ ನಾನು ವಿಚಾರಣೆ ಮಾಡದೇ ಬಿಡಲಿಲ್ಲ. ಅವರು ಇದ್ದದ್ದು ಬಾಗೇವಾಡಿಯಲ್ಲಿ, ಅಲ್ಲಿ ನನ್ನ ಜೊತೆ ಬಿ.ಎಡ್. ಓದಿದ ಗೆಳತಿ ಇದ್ದಾಳೆ, ಅವಳಿಂದ ಕೇಳಿಸಿದೆ. ಗಂಡನನ್ನು ಬಿಟ್ಟವರು ಎಂದು ಒಬ್ಬರು, ಗಂಡನೇ ಬಿಟ್ಟದ್ದು ಎಂದು ಒಬ್ಬರು, ಮದುವೆಯೇ ಆಗಿಲ್ಲ ಎಂದು ಮತ್ತೊಬ್ಬರು ಹೇಳಿದರಂತೆ. ಮುದ್ದೇಬಿಹಾಳದಲ್ಲಿ ಯಾರದೋ ಸೊಸೆಯನ್ನು ಠಾಣೆಗೆ ಹತ್ತಿಸಿದವರು ಎಂಬ ಮಾತೂ ಬಂತು. ಸೊಸೆ ಎಂಬ ಶಬ್ದ ಕೇಳಿ ನಾನು ಇನ್ನಷ್ಟು ಎಚ್ಚರಾದೆ. ಅವರನ್ನೇ ಒಮ್ಮೆ, ನಿಮಗೆ ಮಕ್ಕಳೆಷ್ಟು ಎಂದು ಸುತ್ತಿ ಬಳಸಿ ಕೇಳಿದೆ. "ನಿಮ್ಮ ಅತ್ತಿ ಹೊಟ್ಟಿ ಸಾಫ್ ಆಗೈತೇನ್ರಿ ಇವತ್ತ?" ಎಂದು ಅವರು ನನ್ನನ್ನೇ ಕೇಳಿದರು.

ಅತ್ತೆಯನ್ನು ನೋಡಿಕೊಳ್ಳಲು ನಾನು ಶಾಲೆಗೆ ದೀರ್ಘ ರಜೆ ಹಾಕಿದ್ದೆ. ಊರೆಲ್ಲ ಹೊಗಳುತ್ತಿತ್ತು, ನನಗೂ ಅದು ಬೇಡವಾಗಿರಲಿಲ್ಲ. ಮೇಡಮ್ ಒಂದು ದಿನ ಹೊರಡುವಾಗ, "ಸಾಲಿಗಿ ಹೋಗಾಕ ಚಾಲೂ ಮಾಡ್ರಿ" ಎಂದರು.

"ಅತ್ತೀನ ಬಿಟ್ಟ ಹ್ಯಾಂಗ ಹೋಗ್ಲಿರಿ?"

"ಹೋಗ್ರಿ. ಇಲ್ಲಾಂದ್ರ ಒಂದಿನ ನೀವು ಇವ್ರನ್ನ ಹೊಡೀತೀರಿ."

"ಮೇಡಮ್! ಮಾತ ನೋಡಿ ಆಡ್ರಿ. ಸಾಲ್ಯಾಗ ಒಂದ ಹುಡುಗನ ಮ್ಯಾಲೂ ಕೈ ಎತ್ತಿದಾಕಿ ಅಲ್ಲ ನಾನು."

"ಹುಡುಗ್ರು ಸಂಜಿಕ ತಮ್ಮ ತಮ್ಮ ಮನಿಗಿ ಹೋಗ್ತಾರ್ರಿ. ಇವ್ರು ಎಲ್ಲಿ ಹೋಗ್ತಾರ?"

ಅವರು ಹೋದ ಮೇಲೆ ಬಹಳ ಹೊತ್ತು ಸಿಟ್ಟಿನಲ್ಲೇ ಪಾತ್ರೆ ತಿಕ್ಕಿದೆ. ಸಿಟ್ಟು ಇಳಿದ ಮೇಲೆ ನನ್ನ ಕೈಯನ್ನೇ ಒಮ್ಮೆ ನೋಡಿಕೊಂಡೆ. ಮರುವಾರ ಹಗಲು ಹೊತ್ತು ಕೂರಲು ಹಿಂದಿನ ಓಣಿಯ ಹೆಂಗಸೊಬ್ಬಳನ್ನು ಗೊತ್ತು ಮಾಡಿ ಶಾಲೆಗೆ ಹೋದೆ. ಕರಿಹಲಗೆಯ ಮೇಲೆ ಸಮೀಕರಣ ಬರೆಯುವಾಗ ಕಣ್ಣು ತುಂಬಿ ಬಂತು. ಅಲ್ಲಿ ನಾನು ಬರೆದದ್ದು ನಾನು ಬರೆದ ಹಾಗೇ ನಿಂತಿತ್ತು.

ಚಹಾದ ಗುಟ್ಟು ತಿಳಿದದ್ದು ಬಸ್ ನಿಲ್ದಾಣದಲ್ಲಿ. ಬಸ್ಸು ತಡವಾಗಿತ್ತು, ನಾನು ಶಾಲೆಯಿಂದ ಬರುತ್ತಿದ್ದೆ, ಅವರು ಕ್ಯಾಂಟೀನಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಸುಮ್ಮನೆ ಹೋಗಬಹುದಿತ್ತು, ಹೋಗಲಿಲ್ಲ.

"ಇಲ್ಲಿ ಕುಡೀತೀರಿ. ನಮ್ಮ ಮನ್ಯಾಗ ಯಾಕ ಕುಡ್ಯಾಂಗಿಲ್ರಿ?"

ಅವರು ಕಪ್ಪು ಕೆಳಗಿಟ್ಟರು. ಮುದ್ದೇಬಿಹಾಳದ ಕಡೆಯ ಒಂದು ಮನೆಯ ಸುದ್ದಿ ಹೇಳಿದರು. ಬಹಳ ಒಳ್ಳೆಯ ಮಂದಿಯಂತೆ. ಹೋದಾಗಲೆಲ್ಲ ಚಹಾ, ಚುರಮುರಿ, ಹಬ್ಬವಿದ್ದರೆ ಹೋಳಿಗೆ. ಅಜ್ಜ ಮಾತ್ರ ದಿನೇ ದಿನೇ ಮಂಕಾಗುತ್ತಿದ್ದ. ರೋಗ ಹೆಚ್ಚಾಗಿದೆ ಎಂದು ಮನೆಯವರು ಅತ್ತರು, ಮೇಡಮ್ ನಂಬಿದರು. ಕಡೆಗೆ ಗೊತ್ತಾದದ್ದು, ಅಜ್ಜ ಹೊರಗೆ ಓಡಾಡದಿರಲೆಂದು ಹಾಲಿನಲ್ಲಿ ನಿದ್ದೆಗುಳಿಗೆ ಹಾಕುತ್ತಿದ್ದರು.

"ನನಗ ಸಂಶಯ ಬಂದಿತ್ರಿ. ಅವ್ರ ಹೋಳಿಗಿ ಉಂಡಿದ್ನಲ್ಲ, ಕೇಳಾಕ ಬಾಯಿ ಬರಲಿಲ್ಲ. ಅವತ್ತಿಂದ ಒಂದ ಕಾಯದೆ ಮಾಡಕೊಂಡೇನಿ. ಮರವಿನವ್ರು ಇರೂತನಾ ಆ ಮನ್ಯಾಗ ಉಳದವ್ರ ಕೈಯಿಂದ ಏನೂ ತಗೊಳ್ಳಾಂಗಿಲ್ಲ. ಮರವಿನವ್ರ ಕೊಟ್ರ ಬ್ಯಾರೆ."

ಮರೆವಿನವರು ಕೊಟ್ಟಾಗ ಏನಾಗುತ್ತದೆ ಎಂದು ನಾನೇ ಕಣ್ಣಾರೆ ನೋಡಿದೆ. ಅತ್ತೆ ಒಂದು ಮಧ್ಯಾಹ್ನ ದೊಡ್ಡ ಗತ್ತಿನಿಂದ ಅಡುಗೆ ಮನೆಗೆ ಹೋಗಿ, ಕಪ್ಪಿಗೆ ತಣ್ಣೀರು ಸುರಿದು, ಚಹಾಪುಡಿಯನ್ನು ಹಸಿಯಾಗಿ ಕದಡಿ, ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ ತಂದುಕೊಟ್ಟರು. "ಕುಡೀರಿ, ಆರತೈತಿ" ಎಂದರು. ಎಲ್ಲವನ್ನೂ ಮೂಸಿ ನೋಡುವ ಮೇಡಮ್ ಅದನ್ನು ಮೂಸಲಿಲ್ಲ. ಒಂದೇ ಸಲಕ್ಕೆ ಕುಡಿದು, "ಚಲೋ ಆಗೈತ್ರಿ ಅವ್ವಾರ" ಎಂದರು. ಅತ್ತೆಯ ಮುಖ ಅಂಗಡಿ ನಡೆಸುತ್ತಿದ್ದ ಕಾಲದ್ದಾಯಿತು.

ಇನ್ನು ಲಿಂಗದ ಸಂಗತಿ. ಇದನ್ನು ಹೇಳಲೆಂದೇ ಇಷ್ಟು ಬರೆದೆ.

ಅತ್ತೆ ಹಳೆಯ ಕಾಲದ ಲಿಂಗಾಯತ ಹೆಣ್ಣುಮಗಳು. ಮಿಂದು, ಹಣೆಗೆ ಇಬತ್ತಿ ಹಚ್ಚಿಕೊಂಡು, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈ ಅಂಗೈಯಲ್ಲಿ ಇಟ್ಟು ಪೂಜಿಸುವವರೆಗೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಮಕ್ಕಳ ಹೆಸರು ಮರೆತರು, ಇದನ್ನು ಮರೆಯಲಿಲ್ಲ. ಆದರೆ ಪೂಜೆಯಾದ ಮೇಲೆ ಲಿಂಗವನ್ನು ತಿರುಗಿ ಕರಡಿಗೆಯಲ್ಲಿ ಇಡುವುದನ್ನು ಮರೆಯತೊಡಗಿದರು. ಒಮ್ಮೆ ಅದು ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು. ಒಮ್ಮೆ ಬಚ್ಚಲುಗಲ್ಲಿನ ಮೇಲೆ, ನೀರು ಹರಿದು ಹೋಗುವ ಕಿಂಡಿಯ ಪಕ್ಕದಲ್ಲೇ ಇತ್ತು. ಅದನ್ನು ಕಂಡ ದಿನ ನನ್ನ ಗಂಡ ಸರಿಯಾಗಿ ಉಣ್ಣಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅತ್ತೆ ಬೆಳಿಗ್ಗೆ ಪೂಜೆಗೆ ಕುಳಿತು ಲಿಂಗವನ್ನು ಅಂಗೈಗೆ ಇಟ್ಟುಕೊಂಡವರು ಹೆಬ್ಬೆರಳಿನಿಂದ ಸವರಿ ನೋಡಿ, "ಇದು ನಂದಲ್ಲ" ಎಂದರು. ಮತ್ತೆ ಸವರಿದರು. "ನನ್ನ ಲಿಂಗಪ್ಪನ್ನ ತಗದು ಯಾವದೋ ಕಲ್ಲ ಇಟ್ಟಾರ." ನಾನು ಬಳಿಗೆ ಹೋಗಿ ಬಗ್ಗಿ ನೋಡಿದೆ. ನನ್ನತ್ತ ಬೆರಳು ಮಾಡಿದರು. "ಇಕಿನ. ತಾನೂ ಕಟ್ಟಾಂಗಿಲ್ಲ, ನಂದೂ ಕಸಗೊಂಡ್ಲು."

ನಾನು ಕೊರಳಲ್ಲಿ ಲಿಂಗ ಕಟ್ಟುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ದೇವರ ಜಗಲಿಯ ಮೇಲೆ ಇಟ್ಟು ಕೈಮುಗಿದು ಹೋಗುವವಳು. ಅತ್ತೆ ಬುದ್ಧಿ ನೆಟ್ಟಗಿದ್ದಾಗ ಅದನ್ನು ಆಡಿ ತೋರಿಸಿರಲಿಲ್ಲ. ಅದು ಅಷ್ಟು ವರ್ಷ ಒಳಗೇ ಇತ್ತೆಂದು ಅವತ್ತು ತಿಳಿಯಿತು. ನನಗೆ ತುಂಬ ನೋವಾಯಿತು.

ಅತ್ತೆ ಊಟ ಬಿಟ್ಟರು. ಲಿಂಗಪೂಜೆ ಇಲ್ಲದ ಬಾಯಿಗೆ ಅನ್ನ ಹೇಗೆ ಇಡಲಿ ಎಂದು ತುಟಿ ಬಿಗಿದುಕೊಂಡರು. ಗಂಜಿ ತಂದರೆ ಮುಖ ತಿರುಗಿಸಿದರು, ಹಾಲು ತಂದರೆ ಕೈಯಿಂದ ತಳ್ಳಿದರು. ತುಟಿಗೆ ಒದ್ದೆ ಬಟ್ಟೆ ಒತ್ತುವುದಷ್ಟೇ ನಮ್ಮಿಂದಾದದ್ದು. ಕದ್ದರು ಎಂದು ದೂರುವುದು ಈ ರೋಗದ ಲಕ್ಷಣವೇ, ಹೀಗೇ ಮುಂದುವರಿದರೆ ದವಾಖಾನೆಗೆ ಸೇರಿಸಿ ಎಂದರು ಡಾಕ್ಟರು.

ಇಂಡಿಯಿಂದ ನಾದಿನಿ ಓಡಿ ಬಂದಳು, ನನ್ನ ಗಂಡನ ತಂಗಿ. ಕರಡಿಗೆ ತೆಗೆದು ನೋಡಿ, "ಇಲ್ಲೇ ಐತಲ್ಲ ಯವ್ವಾ" ಎಂದು ತೋರಿಸಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ತಾನು ತಂದ ಲಿಂಬೆಹಣ್ಣಿನ ಚೀಲವನ್ನು ಇಡುವ ನೆಪದಲ್ಲಿ ನನ್ನ ಹಿಂದೆ ಅಡುಗೆ ಮನೆಗೆ ಬಂದಳು.

"ವೈನಿ, ಸಿಟ್ಟಾಗಬ್ಯಾಡ್ರಿ. ನೀವೇನರ ಅದನ್ನ ಬದಲಿ ಮಾಡೀರೇನು? ನಮ್ಮವ್ವ ಸುಮ್ಸುಮ್ನ ಹೇಳೂಕಿ ಅಲ್ಲ."

"ನಿಮ್ಮವ್ವ ಕನ್ನಡ್ಯಾಗಿನ ತನ್ನ ಮಾರೀನ ಕಳ್ಳಿ ಅಂದಾಕಿ" ಎಂದೆ.

"ಅದ ಬ್ಯಾರೆ ವೈನಿ. ಲಿಂಗದ ಮಾತು ಬ್ಯಾರೆ."

ಬಾಗಿಲಲ್ಲಿ ನನ್ನ ಗಂಡ ಕಾಲು ತೊಳೆಯುತ್ತಿದ್ದರು, ಎಲ್ಲ ಕೇಳಿಸಿರಬೇಕು. "ಬಿಡ್ರಿ, ಅದು ರೋಗದ ಮಾತು" ಎಂದಷ್ಟೇ ಹೇಳಿ ಒಳಗೆ ಹೋದರು.

ನಾನು ಮೇಡಮ್‌ಗೆ ಫೋನ್ ಮಾಡಿದ್ದು ಅತ್ತೆಗಾಗಿ. ಜೊತೆಗೆ ಹೊರಗಿನವರೊಬ್ಬರು ಬಂದು ಇದು ರೋಗ, ಸೊಸೆಯ ತಪ್ಪಲ್ಲ ಎಂದು ನಾದಿನಿಯ ಎದುರಿಗೆ ಹೇಳಲಿ ಎಂಬ ಆಸೆಯೂ ಇತ್ತು. ಮೇಡಮ್ ಬಂದರು, ಅತ್ತೆಯ ಪಕ್ಕ ನೆಲದ ಮೇಲೆ ಕುಳಿತರು. ನಿಮ್ಮ ಲಿಂಗಪ್ಪ ಹೇಗಿದ್ದ ಎಂದು ಕೇಳಿದರು. ಅತ್ತೆಯ ದನಿ ಇಳಿದುಹೋಗಿತ್ತು. "ಇಲ್ಲಿ ಚೂರು ತಗ್ಗ ಇತ್ತ. ನನ್ನ ಹೆಬ್ಬೆರಳ ಕೂಡೂ ಜಾಗಾ" ಎಂದರು. ಮೇಡಮ್ ಬೇರೆ ಏನೇನೋ ಮಾತಾಡಿಸಿ, ಮಾತಿನಲ್ಲೇ ಹೂವಿನ ಹಿಪ್ಪರಗಿಗೆ ಒಯ್ದು, ಅಂಗಡಿಗೆ ತಂದು, ಮತ್ತೆ ಕೇಳಿದರು. ಮತ್ತೆ ಅದೇ ತಗ್ಗು. ಹೊರಗೆ ಬಂದು ನೇರ ನನ್ನ ಮುಖ ನೋಡಿದರು.

"ನೀವ ತಗದೀರೇನ್ರಿ?"

"ನೀವೂ ಹಂಗ ಅಂತೀರೇನ್ರಿ ಮೇಡಮ್? ಬೆಳ್ಳಿ ಬಿಟ್ಟು ಬರೇ ಲಿಂಗ ಕದಿಯೂ ಕಳ್ಳರು ಎಲ್ಲಿರ್ತಾರ?"

"ಅದನ್ನ ನಾನೂ ಅನ್ನಾಕತ್ತೇನಿ. ಕಳ್ಳ ಬೆಳ್ಳಿ ಒಯ್ತಾನ. ಬೆಳ್ಳಿ ಬಿಟ್ಟು ಲಿಂಗ ತಗದಾರಂದ್ರ ಮನಿಯವ್ರು."

"ಅಂದ್ರ ಅತ್ತಿ ಮಾತು ಖರೇ ಅಂತ ನಂಬೀರಿ?"

"ನಂಬಿಲ್ಲ. ಸಂಶಯ ಬಂದೈತಿ, ಅಷ್ಟ. ಮರವಿನವ್ರ ಮಾತು ಕೇಳಿದಾಗೊಮ್ಮೆ ಬದಲಾಗ್ತೈತಿ. ಇವ್ರು ಆ ತಗ್ಗಿನ ಮಾತ ಬದಲ ಮಾಡವಲ್ರು."

ಆ ಹೊತ್ತು ನಾನು ಅವರನ್ನು ದ್ವೇಷಿಸಿದೆ. ಅವರು ಬಾಗೇವಾಡಿ ಬಸ್ಸು ಬಿಟ್ಟು ನಮ್ಮ ಪಡಸಾಲೆಯಲ್ಲೇ ಕುಳಿತರು. ಊಟ ಮಾಡಲಿಲ್ಲ, ತಮ್ಮ ಚೀಲದ ನೀರು ಕುಡಿದರು. ನಾದಿನಿಯನ್ನು ಮಾತಾಡಿಸಿದರು. ಪಕ್ಕದ ಮನೆಯವಳು ಬಂದಳು, ಅವಳೂ ಕರಡಿಗೆ ತೆಗೆದು ನೋಡಿ ಲೊಚಗುಟ್ಟಿದಳು. ಊಟದ ಹೊತ್ತಿಗೆ ನನ್ನ ಗಂಡ ಅಂಗಡಿಯಿಂದ ಬಂದರು. ತಾಯಿಯ ಬಾಗಿಲವರೆಗೆ ಹೋಗಿ, "ಹ್ಯಾಂಗ ಅದಾಳ ಅವ್ವ?" ಎಂದು ಕೇಳಿ ಹಿಂತಿರುಗಿದರು. ಮೇಡಮ್ ಅವರನ್ನೇ ನೋಡುತ್ತಿದ್ದರು. ಆಮೇಲೆ ಎದ್ದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅವ್ವಾರು ಹೇಳೂದು ಖರೇ ಇರಬಹುದು. ಯಾರ ತಗದಾರೋ ಅವ್ರು ತಂದ ಕೊಟ್ರ ಇವ್ರು ಊಟ ಮಾಡ್ತಾರ. ಕೊಡಲಿಲ್ಲಂದ್ರ ಇವ್ರು ಉಳಿಯಾಂಗಿಲ್ಲ. ಯಾರಂತ ನಾ ಕೇಳಾಂಗಿಲ್ಲ."

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ನನಗೊಬ್ಬಳಿಗೇ ಹೇಳಿದ್ದು ಬೇರೆ. "ಮಗಳು ಕರಡಗಿ ತಗದು ನೋಡಿದ್ಲು. ನೀವು ನೋಡಿದ್ರಿ. ಬಾಜೂ ಮನಿಯಾಕಿನೂ ನೋಡಿದ್ಲು. ನಿಮ್ಮ ಯಜಮಾನ್ರು ಯಾಕ ನೋಡ್ಲಿಲ್ರಿ?"

ತಿರುಗಿ ನೋಡಿದರೆ ನನ್ನ ಗಂಡ ಬಡಿಸಿದ ತಟ್ಟೆಯನ್ನು ಬಿಟ್ಟು ಎದ್ದು ಹೊರಟಿದ್ದರು. ಬೇಗನೇ ತಿರುಗಿ ಬಂದರು. ಅತ್ತೆಯ ಕೋಣೆಯ ಬಾಗಿಲ ಸಂದಿನಿಂದ ನಾನು ನೋಡಿದೆ. ಅಂಗಿಯ ಒಳಜೇಬಿನಿಂದ ಕೆಂಪು ರೇಷ್ಮೆಯ ಚೂರೊಂದನ್ನು ತೆಗೆದು ಬಿಚ್ಚಿ, ಅದರಲ್ಲಿದ್ದುದನ್ನು ತಾಯಿಯ ಎಡಗೈಗೆ ಇಟ್ಟರು. ಅತ್ತೆ ಕಣ್ಣು ತೆರೆಯಲಿಲ್ಲ. ಹೆಬ್ಬೆರಳು ಮೆಲ್ಲಗೆ ಸರಿದು ಒಂದು ಕಡೆ ನಿಂತಿತು.

"ಬಂದ್ಯಾ ನನ್ನಪ್ಪಾ" ಎಂದರು. ಆಮೇಲೆ, "ಹಸಿವ್ಯಾಗೈತಿ."

ನಾನೇ ಅಂಬಲಿ ಕುಡಿಸಿದೆ. ಅತ್ತೆ ಉಳಿದರೆಂಬ ಸಂತೋಷವೂ ಇತ್ತು, ಗಂಡನ ಮೇಲೆ ಸಿಟ್ಟೂ ಇತ್ತು. ನಾದಿನಿ ಹೊರಗೆ ಹೋದಾಗ ಗಂಡನನ್ನು ಹಿಡಿದು ನಿಲ್ಲಿಸಿದೆ.

"ಬಚ್ಚಲ ಕಿಂಡ್ಯಾಗ ಹೋಗಿದ್ರ ಏನ್ ಮಾಡೂದಿತ್ತು? ಅದಕ್ಕ ಅಂಗಡಿ ತಿಜೋರ್ಯಾಗ ಇಟ್ಟಿದ್ನಿ. ಹೊಸಾದ ಇಟ್ರ ಅವ್ವಗ ತಿಳ್ಯಾಂಗಿಲ್ಲ ಅನಕೊಂಡ್ನಿ" ಎಂದರು.

"ನನಗ ಕಳ್ಳಿ ಅಂದಾಗರ ಬಾಯಿ ಬಿಡಬೇಕಿಲ್ರೀ?"

"ಜೀವ ಇದ್ದಾಗನ ಅವ್ವನ ಮೈಮ್ಯಾಲಿನ ಲಿಂಗ ತಗದಾಂವ ಅಂತ ತಂಗಿ ಮುಂದ ಹ್ಯಾಂಗ ಹೇಳ್ಲಿ?"

ಹೇಳಲಿಲ್ಲ. ಇತ್ತ ಅತ್ತೆ ಹೊಟ್ಟೆ ತುಂಬಿದ ಮೇಲೆ ಮಗಳನ್ನು ಹತ್ತಿರ ಕರೆದು, "ಇಕಿ ತಗೊಂಡಿದ್ಲು. ಅಂಜಿ ತಿರಗಿ ಇಟ್ಲು" ಎಂದರು. ನಾದಿನಿ ನನ್ನನ್ನು ನೋಡಿದ ನೋಟದಲ್ಲಿ ಕ್ಷಮೆ ಇತ್ತು. ಕದಿಯದವಳಿಗೆ ಸಿಗುವ ಕ್ಷಮೆ ಎಷ್ಟು ಸುಡುತ್ತದೆ ಎಂದು ನನಗೆ ಗೊತ್ತು.

ಮುಂದಿನ ಸಲ ಮೇಡಮ್ ಬಂದಾಗ ಜಗಳಕ್ಕೇ ನಿಂತೆ. "ಗೊತ್ತಿತ್ತಲ್ರಿ ನಿಮಗ. ಎಲ್ಲಾರ ಮುಂದ ಅವ್ರ ಹೆಸರ ಹೇಳಬೇಕಿತ್ತು."

"ಹೆಸರ ಹೇಳಿದ್ರ ಅಣ್ಣಾರು ಜಗಳಕ್ಕ ನಿಲ್ತಿದ್ರು, ಲಿಂಗ ತರತಿದ್ದಿಲ್ಲ. ನನಗ ಅವ್ವಾರು ಊಟ ಮಾಡೂದು ಬೇಕಿತ್ತು."

"ಮತ್ತ ನನ್ನ ಹೆಸರು?"

"ಅದನ್ನ ನಾ ಕೊಡಾಕ ಬರಾಂಗಿಲ್ರಿ. ಕೊಡಾವ್ರು ಅಣ್ಣಾರು ಒಬ್ರ." ಆಮೇಲೆ, "ನನಗೂ ನಿಮ್ಮ ಮ್ಯಾಲ ಪೂರಾ ನಂಬಿಕಿ ಬಂದೈತಿ ಅಂತ ತಿಳಕೋಬ್ಯಾಡ್ರಿ" ಎಂದರು. ಅತ್ತೆಯ ಹಾಲಿನ ಬಟ್ಟಲನ್ನು ಎತ್ತಿ ಮೂಸಿದರು.

ಹೀಗೇ ನಡೆಯಿತು. ಅವರು ಬರುತ್ತಿದ್ದರು, ರಟ್ಟೆ ನೋಡುತ್ತಿದ್ದರು, ಚಿಲಕ ನೋಡುತ್ತಿದ್ದರು, ನನ್ನ ಚಹಾ ಬೇಡ ಎನ್ನುತ್ತಿದ್ದರು. ನನಗೆ ನಿದ್ದೆ ಹೇಗೆ ಬರುತ್ತದೆ ಎಂದು ಕೇಳುತ್ತಿದ್ದವರೂ ಅವರೊಬ್ಬರೇ. ಚೆನ್ನಾಗಿ ಬರುತ್ತದೆ ಎಂದರೆ ನಂಬುತ್ತಿರಲಿಲ್ಲ. "ದಣದೇನಿ ಅನ್ರಿ, ನಂಬ್ತೇನಿ" ಎನ್ನುತ್ತಿದ್ದರು. ಒಮ್ಮೆ ದಣಿದಿದ್ದೇನೆ ಎಂದೆ. ಅವತ್ತು ಅವರು ಅತ್ತೆಯ ಪಕ್ಕ ತಾವು ಕುಳಿತು ನನ್ನನ್ನು ಮಲಗಲು ಕಳಿಸಿದರು. ಎದ್ದು ನೋಡಿದಾಗ ಸಂಜೆಯಾಗಿತ್ತು. ಅತ್ತೆ ಅವರ ಗಡಿಯಾರವನ್ನು ತಮ್ಮ ಕೈಗೆ ಕಟ್ಟಿಕೊಂಡು, "ಇದು ನಂದು, ಈಕಿ ಕದ್ದಿದ್ಲು" ಎಂದು ಗದರುತ್ತಿದ್ದರು. ಮೇಡಮ್ ತಲೆ ತಗ್ಗಿಸಿ, "ತಪ್ಪಾತ್ರಿ ಅವ್ವಾರ" ಎನ್ನುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ನಕ್ಕೆ. ನಕ್ಕು ಎಷ್ಟೋ ದಿನವಾಗಿತ್ತು.

ಅತ್ತೆ ಬೇಸಿಗೆಯಲ್ಲಿ ಹೋದರು, ನಿದ್ದೆಯಲ್ಲೇ. ನಮ್ಮ ಪದ್ಧತಿಯಂತೆ ಕೂರಿಸಿ, ಎಡಗೈ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಹೊಲದಲ್ಲಿ ಮಣ್ಣು ಮಾಡಿದರು. ಹೆಬ್ಬೆರಳನ್ನು ಆ ತಗ್ಗಿನ ಮೇಲೆ ನಾನೇ ಕೂರಿಸಿದೆ. ಖಾಲಿ ಬೆಳ್ಳಿಯ ಕರಡಿಗೆ ಮನೆಗೆ ತಿರುಗಿ ಬಂತು.

ಸಾವಿನ ಮನೆಯವರನ್ನು ಮಾತಾಡಿಸಲು ಬಂದವರಿಂದ ಪಡಸಾಲೆ ತುಂಬಿದ್ದ ದಿನ ಮೇಡಮ್ ಬಂದರು. ಗೋಡೆಗೆ ಒರಗಿ ಕುಳಿತರು. ನಾದಿನಿ ಕರಡಿಗೆಯನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದಳು. ಯಾರೋ ಅತ್ತೆಯ ಲಿಂಗನಿಷ್ಠೆಯ ಮಾತೆತ್ತಿದರು. ನಾದಿನಿ ಕಣ್ಣೊರೆಸಿಕೊಂಡಳು.

"ಅವ್ವ ಕಡೀತನಾ ಒಂದ ಮಾತ ಮನಸಿನ್ಯಾಗ ಇಟಗೊಂಡ ಹೋದ್ಲು. ಇದರಾಗಿಂದ ಒಮ್ಮಿ ತಗದಿದ್ರಂತಲ್ಲ. ಹೋಗ್ಲಿ ಬಿಡ್ರಿ, ಆಗಿದ್ದ ಆಗಿ ಹೋತು."

ಅವಳು ನನ್ನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಗಂಡ ಜಮಖಾನೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು. ಲಿಂಗ ಮಣ್ಣಿಗೆ ಹೋಗಿತ್ತು, ಅದನ್ನು ಗುರುತಿಸಿದ ಹೆಬ್ಬೆರಳೂ ಹೋಗಿತ್ತು. ಇನ್ನು ಈ ಮನೆಯಲ್ಲಿ ನಾನು ಸಾಯುವವರೆಗೆ ಅತ್ತೆಯ ಲಿಂಗ ಕದ್ದವಳೇ ಎಂದುಕೊಂಡೆ.

"ಅಕ್ಕಾರ," ಮೇಡಮ್ ಕರೆದರು. "ಒಂದ ಕಪ್ ಚಾ ಮಾಡ್ರಿ."

ನಾನು ಅವರ ಮುಖವನ್ನೇ ನೋಡಿದೆ. ಅವರು ತಲೆಯಾಡಿಸಿದರು. ನಮ್ಮ ಓಣಿಯವರಿಗೆಲ್ಲ ಗೊತ್ತಿತ್ತು, ಈ ಹೆಂಗಸು ನಮ್ಮ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು. ಪಕ್ಕದ ಮನೆಯವಳು ಮಾತು ನಿಲ್ಲಿಸಿದಳು. ನಾನು ಒಳಗೆ ಹೋಗಿ ಮಾಡಿದೆ. ಶುಂಠಿ ಜಜ್ಜಿ ಹಾಕಿದೆ, ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ. ತಂದು ಕೈಗೆ ಕೊಟ್ಟೆ.

ಅವರು ಕುಡಿಯಲಿಲ್ಲ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಗಂಡನನ್ನೇ ನೋಡುತ್ತ ಕುಳಿತರು. ಪಡಸಾಲೆಯಲ್ಲಿ ಮಾತುಗಳು ಒಂದೊಂದಾಗಿ ನಿಂತವು. ಚಹಾದ ಮೇಲೆ ಕೆನೆ ಕಟ್ಟಿತು.

"ಕುಡೀರಿ ಮೇಡಮ್, ಆರತೈತಿ" ಎಂದರು ನನ್ನ ಗಂಡ, ನೆಲ ನೋಡುತ್ತ.

"ಆರಲಿ ಬಿಡ್ರಿ ಅಣ್ಣಾರ. ನನಗ ಅವಸರಿಲ್ಲ."

ನನ್ನ ಗಂಡ ತಲೆ ಎತ್ತಿದರು. ಮೊದಲು ನನ್ನನ್ನು ನೋಡಿದರು, ಆಮೇಲೆ ತಂಗಿಯನ್ನು.

"ತಂಗೀ, ಅವ್ವನ ಲಿಂಗ ತಗದಾಂವ ನಾನು. ಕಳದೀತಂತ ಅಂಜಿ ಅಂಗಡ್ಯಾಗ ಒಯ್ದ ಇಟ್ಟಿದ್ನಿ. ನಿಮ್ಮ ವೈನಿ ಅದಕ್ಕ ಕೈ ಸೈತ ಹಚ್ಚಿಲ್ಲ."

ಕರಡಿಗೆ ಒರೆಸುತ್ತಿದ್ದ ನಾದಿನಿಯ ಕೈ ನಿಂತಿತು. ಆರಿ ತಣ್ಣಗಾಗಿದ್ದ ಆ ಚಹಾವನ್ನು ಮೇಡಮ್ ಬಾಯಿಗೆತ್ತಿದರು. ಮೂಸಿ ನೋಡದೇ ಕುಡಿದರು.